ಚಂದ್ರನ ಚಿತ್ರಕ್ಕೆ ಸೊನ್ನೆ

ಹಾಸನದವರಿಗೆ ಮೇ ತಿಂಗಳು ಬಂತು ಅಂತ ಕ್ಯಾಲೆಂಡರ್ ಹೇಳಬೇಕಾಗಿಲ್ಲ, ಮೂಗೇ ಹೇಳುತ್ತದೆ. ಜಲಂಧರಿನಿಂದ ಬಿತ್ತನೆ ಆಲೂಗಡ್ಡೆ ಹೊತ್ತ ಲಾರಿಗಳು ಬಂದು ನಿಂತವೆಂದರೆ ಹಸಿ ಗೋಣಿಚೀಲ, ಮಣ್ಣು, ಒಳಗೆಲ್ಲೋ ಕೊಳೆತ ಒಂದೆರಡು ಗೆಡ್ಡೆ, ಎಲ್ಲ ಸೇರಿಕೊಂಡು ಒಂದು ವಾಸನೆ ಊರೆಲ್ಲ ಓಡಾಡುತ್ತದೆ. ಈ ಸಲ ಅದು ನನಗೆ ಹೊಡೆದದ್ದು ಬಸ್ಸಿನಲ್ಲಿ. ಚನ್ನರಾಯಪಟ್ಟಣದಲ್ಲಿ ಒಂದು ರಿಸೆಪ್ಶನ್ನಿಗೆ ಹೊರಟಿದ್ದೆ. ಶಾಂತಿಗ್ರಾಮದ ಹತ್ತಿರ ಅಂಥದೊಂದು ಲಾರಿ ಕಿಟಕಿಯ ಪಕ್ಕಕ್ಕೇ ಬಂತು. ಏನನ್ನಿಸಿತೋ, ಎದ್ದು ನಿಂತು ಇಲ್ಲೇ ಇಳೀತೀನಿ ಅಂದೆ.

"ಚನ್ರಾಯಪಟ್ಣ ಅಂತ ತಗಂಡ್ರಲ್ಲ ಮೇಡಂ ಟಿಕೇಟು," ಅಂದ ಕಂಡಕ್ಟರ್.

"ಫ್ರೀ ಟಿಕೆಟ್ ತಾನೇ, ನಿಮ್ಮ ಗಂಟೇನು ಹೋಯ್ತು?" ಅಂದೆ. ಪಾಪ, ಅವನೂ ನಕ್ಕ. ಇಳಿದು ರಸ್ತೆ ದಾಟಿ, ಒಳಗಿನ ಊರಿಗೆ ಹೋಗುವ ಆಟೋ ಹಿಡಿದೆ. ಸಾಕಮ್ಮನವರನ್ನು ನೋಡಿ ಆರೇಳು ವರ್ಷವಾಗಿತ್ತು.

ಅವರನ್ನು ಮೊದಲು ಕಂಡ ವರ್ಷ ನಾನು ಜನರ ಬುದ್ಧಿ ಅಳೆಯುವ ಕೆಲಸದಲ್ಲಿದ್ದೆ. ಹೀಗಂದರೆ ನಮ್ಮಮ್ಮ ಈಗಲೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ನಮ್ಮದು ಹಾಸನದಲ್ಲಿ ದಿನಸಿ ಅಂಗಡಿ. "ನಿಮ್ಮ ತಾತ ಸೇರಲ್ಲಿ ಅಳೆದ್ರು, ನಿಮ್ಮಪ್ಪ ತಕ್ಕಡೀಲಿ ತೂಗಿದ್ರು, ನೀನು ಬುದ್ಧೀನ ಯಾತರಲ್ಲಿ ಅಳೀತೀಯೇ?" ಅಂತ ಕೇಳಿದ್ದಳು, ಕೆಲಸ ಸಿಕ್ಕಿದ ದಿನ. ಸೈಕಾಲಜಿಯಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಕೂತು ಅಂಗಡಿಯ ಜಿ.ಎಸ್.ಟಿ. ಬರೆಯುತ್ತಿದ್ದವಳಿಗೆ ಒಂದು ವರ್ಷದ ಗುತ್ತಿಗೆ ಕೆಲಸ. ಒಂದು ಸೂಟ್‌ಕೇಸು, ಅದರ ತುಂಬ ಬಣ್ಣದ ಮರದ ತುಂಡು, ಚಿತ್ರದ ಕಾರ್ಡು, ಒಂದು ಸ್ಟಾಪ್‌ವಾಚು. ಬಾಡಿಗೆ ವ್ಯಾನು, ಅದಕ್ಕೆ ಡ್ರೈವರ್ ಅರಕಲಗೂಡು ಕಡೆಯ ತಮ್ಮಯ್ಯಣ್ಣ.

ಕೆಲಸದ ಉದ್ದೇಶ ಒಳ್ಳೆಯದೇ. ಡಾಕ್ಟರುಗಳ ಹತ್ತಿರ ಇರುವ ಬುದ್ಧಿಪರೀಕ್ಷೆಗಳೆಲ್ಲ ಯಾವುದೋ ದೇಶದವರು ತಮ್ಮ ಜನಕ್ಕೆಂದು ಮಾಡಿಕೊಂಡವು. ಅದನ್ನೇ ಕನ್ನಡ ಮಾಡಿ ನಮ್ಮ ಕಡೆಯ ಅಜ್ಜಿಗೆ ಕೇಳಿದರೆ ಅಜ್ಜಿಗೆ ತಲೆಯೇ ಇಲ್ಲ ಅಂತ ಬರುತ್ತದೆ. ಹಾಗಾದರೆ ಇಲ್ಲಿಯ ಇಪ್ಪತ್ತರ ಹುಡುಗನಿಗೆ ಎಷ್ಟು ಅಂಕ ಬಂದರೆ ಸರಿ? ಶಾಲೆಯ ಮುಖ ನೋಡದ ಎಪ್ಪತ್ತರ ಹೆಂಗಸಿಗೆ ಎಷ್ಟು ಬಂದರೆ ಸರಿ? ಅದನ್ನು ಗೊತ್ತು ಮಾಡಲು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ತಾಲ್ಲೂಕಿನಲ್ಲಿ ಸುತ್ತಬೇಕು, ವಯಸ್ಸಾದವರು, ಎಳೆಯರು, ಓದಿದವರು, ಓದದವರು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಕು. ವಯಸ್ಸಾದವರಲ್ಲಿ ಅಂಕ ಒಂದು ಗೆರೆಗಿಂತ ಕೆಳಗೆ ಬಂದರೆ ಮರೆವಿನ ಕಾಯಿಲೆ ಇರಬಹುದು ಅಂತ ಹಾಸನದ ಆಸ್ಪತ್ರೆಯ ನರರೋಗದ ಡಾಕ್ಟರ ಹತ್ತಿರ ಕಳಿಸಬೇಕು. ಗೆರೆ ಎಲ್ಲಿ ಎಳೆಯಬೇಕು ಅನ್ನೋದೇ ಇನ್ನೂ ತೀರ್ಮಾನವಾಗಿರಲಿಲ್ಲ. ಅಲ್ಲಿಯವರೆಗೆ ಹಳೇ ಗೆರೆಯೇ ಗತಿ.

ಮೊದಲ ತಿಂಗಳಿಗೇ ನನ್ನ ಗರ್ವ ಇಳಿದುಹೋಯಿತು. ಗೊರೂರಿನಲ್ಲಿ ಬಲೆ ಒಣಗಿಸುತ್ತಿದ್ದವರೊಬ್ಬರಿಗೆ "ಮೀನು, ಹಕ್ಕಿ, ಎರಡೂ ಯಾವುದರಲ್ಲಿ ಒಂದೇ?" ಅಂತ ಕೇಳಿದೆ. "ಎರಡೂ ಸಾರಿಗಾಯ್ತವೆ," ಅಂದರು. ಎರಡೂ ಜೀವಿಗಳು ಅನ್ನಬೇಕಿತ್ತು, ಸೊನ್ನೆ. ಅರಕಲಗೂಡಿನ ಹತ್ತಿರ ಹೊಗೆಸೊಪ್ಪು ಕಟ್ಟುತ್ತಿದ್ದ ಹೆಂಗಸೊಬ್ಬಳಿಗೆ "ದಾರೀಲಿ ಯಾರದೋ ಚೀಲ ಬಿದ್ದಿದ್ರೆ ಏನು ಮಾಡ್ತೀರಿ?" ಅಂದೆ. "ನಾನ್ಯಾಕವ್ವ ಮುಟ್ಟಾನ? ಮಾಟ ಮಾಡಿ ಮಡಗಿದ್ರೆ?" ಅಂದಳು. ಅದಕ್ಕೂ ಸೊನ್ನೆ. ಹೊಳೆನರಸೀಪುರದಲ್ಲಿ ಜವಳಿ ಅಂಗಡಿಯ ಯಜಮಾನರು ಮರದ ತುಂಡನ್ನು ಒಂದೊಂದಾಗಿ ಒರೆಸಿ, ತಿರುಗಿಸಿ, ಅಂದವಾಗಿ ಜೋಡಿಸುವ ಹೊತ್ತಿಗೆ ಕೊಟ್ಟ ಸಮಯ ಮುಗಿದೇಹೋಗಿತ್ತು. "ಅಲ್ಲಮ್ಮ, ಅವಸರ ಮಾಡೋನೇ ಬುದ್ಧಿವಂತ ಅಂತ ಯಾರು ಹೇಳಿದ್ದು ನಿಮಗೆ?" ಅಂತ ಬೈದು ಕಾಫಿ ತರಿಸಿದರು. ದಂಡಿಗನಹಳ್ಳಿಯಲ್ಲಿ ಅತ್ತೆಯ ಕೈಲಾಗದ ಪ್ರಶ್ನೆ ಬಂದಾಗ ಡಿಗ್ರಿ ಓದಿದ ಸೊಸೆಯೂ ಗೊತ್ತಿಲ್ಲ ಗೊತ್ತಿಲ್ಲ ಅಂತ ತಲೆಯಾಡಿಸಿದಳು. ಅತ್ತೆಗಿಂತ ಜಾಸ್ತಿ ಅಂಕ ತೆಗೆದುಕೊಂಡು ಅವಳು ಆ ಮನೆಯಲ್ಲಿ ಬಾಳಬೇಕಲ್ಲ! ಅವತ್ತಿನಿಂದ ಒಬ್ಬರನ್ನು ಕೇಳುವಾಗ ಇನ್ನೊಬ್ಬರನ್ನು ಹೊರಗೆ ಕಳಿಸುವ ಪದ್ಧತಿ ಮಾಡಿಕೊಂಡೆ.

ಪ್ರತಿ ವಾರ ಪ್ರೊಫೆಸರಿಗೆ ಫೋನು ಮಾಡಿ ಜಗಳವಾಡುತ್ತಿದ್ದೆ. ಈ ಕೆಲಸ ನಡೆಸುತ್ತಿದ್ದವರು ಅವರು, ಇರುತ್ತಿದ್ದದ್ದು ಬೆಂಗಳೂರಿನಲ್ಲಿ. "ಸಾರ್, ಇದು ತಪ್ಪು ಉತ್ತರ ಅಲ್ಲ, ನಮ್ಮ ಪ್ರಶ್ನೇನೇ ತಪ್ಪು," ಅಂದರೆ, "ಪುಸ್ತಕದಲ್ಲಿದ್ದ ಹಾಗೆ ಅಂಕ ಕೊಡಿ, ಪಕ್ಕದಲ್ಲಿ ಷರಾ ಬರೀರಿ, ಕೊನೇಲಿ ನೋಡೋಣ," ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದು ಬಿಡುವವರಲ್ಲ. ನಾನೂ ಏನು ಕಮ್ಮಿಯಿರಲಿಲ್ಲ.

ಶಾಂತಿಗ್ರಾಮದ ಒಳಗಿನ ಆ ಊರಿಗೆ ಹೋದದ್ದು ಏಪ್ರಿಲ್ ಕೊನೆಯಲ್ಲಿ. ಬೆಳಗಿನ ಹಾಲು ಹಾಕುವುದು ಮುಗಿದ ಮೇಲೆ ಡೈರಿ ಕಟ್ಟಡವನ್ನೇ ನಮಗೆ ಬಿಟ್ಟುಕೊಟ್ಟಿದ್ದರು. ಮೇಜು ಹಾಕಿ ಕೂತಿದ್ದೆ. ಟಿ.ವಿ.ಎಸ್. ಗಾಡಿಯ ಮೇಲೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚಂದ್ರೇಗೌಡ ಮೇಷ್ಟ್ರು ಬಂದರು. ರಿಟೈರಾದ ಗಣಿತದ ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಿಂತುಕೊಂಡೇ ಹೇಳಿದರು, "ನೋಡಮ್ಮ, ನಮ್ಮ ಮನೆಯವಳಿಗೆ ಇತ್ತೀಚೆಗೆ ಮರೆವು ಜಾಸ್ತಿಯಾಗಿದೆ. ಸರಿಯಾಗಿ ಪರೀಕ್ಷೆ ಮಾಡಿ. ಮೊದಲು ನನ್ನದು ಮಾಡಿಬಿಡಿ, ಆಗ ಅವಳಿಗೆ ಧೈರ್ಯ ಬರುತ್ತೆ."

ಅವರದು ಮಾಡಿದೆ. ಮಾಡಿದೆ ಅನ್ನುವುದಕ್ಕಿಂತ ಅವರೇ ಮಾಡಿಕೊಂಡು ಹೋದರು. ನೂರರಿಂದ ಏಳೇಳು ಕಳೆಯಿರಿ ಅಂದರೆ ನಿಲ್ಲಿಸಿ ಅನ್ನುವವರೆಗೂ ಕಳೆದರು. ನೆನಪಿಡಲು ಕೊಟ್ಟ ಪದಗಳನ್ನು ಹಾಜರಿ ಕೂಗಿದ ಹಾಗೆ ಒಪ್ಪಿಸಿದರು. ಘನದ ಚಿತ್ರವನ್ನು ಅಳತೆಪಟ್ಟಿ ಇಲ್ಲದೆ ನೆಟ್ಟಗೆ ಎಳೆದರು. ಅವರ ವಯಸ್ಸಿನವರಲ್ಲಿ ಅಷ್ಟು ಅಂಕ ಆ ವರ್ಷ ನಾನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. "ಹೇಗೆ?" ಅನ್ನುವಂತೆ ನನ್ನ ಮುಖ ನೋಡಿ ಹೊರಗೆ ಹೋದರು.

ಆಮೇಲೆ ಸಾಕಮ್ಮ ಬಂದು ಕೂತರು. ಸಣ್ಣ ಆಳು, ಹಣೆಯಲ್ಲಿ ದೊಡ್ಡ ಕುಂಕುಮ. ತಾರೀಕು ಕೇಳಿದರೆ "ಅದೆಲ್ಲ ಅವ್ರು ನೋಡ್ಕತಾರೆ" ಅಂದರು. ಲೆಕ್ಕ ಒಂದು ಸಲ ಆಯಿತು, ಎರಡನೆಯದಕ್ಕೆ ನಿಂತಿತು. ಘನ ಬರೆಯಲು ಹೋದದ್ದು ಒಲೆಯ ಹಾಗಾಯಿತು. ಚಿತ್ರದ ಕಾರ್ಡು ತೋರಿಸುತ್ತ ಬಂದೆ. ಬೀಗ, ಏಣಿ, ಜಿಂಕೆ, ಎಲ್ಲ ಹೇಳಿದರು. ಚಂದ್ರನ ಚಿತ್ರ ಬಂದಾಗ ಬೆರಳು ಮೇಲೆ ತೋರಿಸಿದರು.

"ಅದೇ ಕಣವ್ವ, ರಾತ್ರಿ ಮೇಲೆ ಬತ್ತದಲ್ಲ, ಅದು."

"ಹೆಸರೇನಮ್ಮ ಅದಕ್ಕೆ?"

"ಬೆಳ್ಳಗಿರ್ತದಲ್ಲ, ಒಂದಿನ ಇರ್ತದೆ ಒಂದಿನ ಇರಾಕಿಲ್ಲ. ಅದೇ."

ವಸ್ತು ಗೊತ್ತಿದ್ದು ಹೆಸರು ಬಾರದೆ ಸುತ್ತುಬಳಸಿ ಹೇಳುವುದು ಮರೆವಿನ ಕಾಯಿಲೆಯ ಲಕ್ಷಣ ಅಂತ ಪುಸ್ತಕದಲ್ಲಿ ದಪ್ಪಕ್ಷರದಲ್ಲಿದೆ. ಸೊನ್ನೆ ಹಾಕಿದೆ. "ಯಜಮಾನರ ಹೆಸರೇನು?" ಅಂದರೆ ತಲೆ ತಗ್ಗಿಸಿ ನಕ್ಕರು, ಹೇಳಲಿಲ್ಲ. ಅದಕ್ಕೂ ಸೊನ್ನೆ. ಕೂಡಿ ನೋಡಿದರೆ ಗೆರೆಯ ಸ್ವಲ್ಪ ಕೆಳಗೆ ಬಂದಿದ್ದರು. ಸೂಟ್‌ಕೇಸು ಮುಚ್ಚುವಾಗ ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಇಣುಕಿದರು. ಹೊರಗೆ ಮೇಷ್ಟ್ರು ತಮ್ಮಯ್ಯಣ್ಣನ ಹತ್ತಿರ ಮಾತಾಡುತ್ತ ನಿಂತಿದ್ದರು. ತಿರುಗಿ ಬಂದು ನನ್ನ ಕೈ ಹಿಡಿದುಕೊಂಡರು.

"ನಂದು ಬುಡಿ ಕಣವ್ವ. ಅವ್ರದ್ದು ನೋಡಿ. ಅವ್ರಿಗೇ ಮರೆವು ಬಂದಿರಾದು."

"ಅವರು ಅಷ್ಟು ಚೆನ್ನಾಗಿ ಮಾಡಿದ್ರಲ್ಲಮ್ಮ?"

"ಲೆಕ್ಕ ಮಾಡ್ತಾರೆ. ಲೆಕ್ಕ ಅವ್ರ ಬಾಯಿಗೇ ಬತ್ತದೆ. ಡೈರಿಗೆ ಹಾಲಾಕಿ ಬಂದೋರು ಖಾಲಿ ಕ್ಯಾನು ತಗಂಡು ಮತ್ತೆ ಓಯ್ತಾರೆ. ಯಾವತ್ತೋ ತೀರ್ಕಂಡ ಅವ್ರಣ್ಣ ಎಲ್ಲಿ ಅಂತ ಕೇಳ್ತಾರೆ. ಮೊನ್ನೆ ಹೈವೇ ಮಧ್ಯದಲ್ಲಿ ಗಾಡಿ ನಿಲ್ಸ್ಕಂಡು, ಮನೆ ಯಾವ್ ಕಡೆ ಅಂತ ನೋಡ್ತಾ ನಿಂತಿದ್ರಂತೆ. ಲಾರಿಯೋನು ಬೈದ್ಬುಟ್ಟು ಓದ್ನಂತೆ. ಬೈದ, ಸರಿ. ಗುದ್ದಿದ್ದಿದ್ರೆ?"

ಮಗನಿಗೆ ಹೇಳಲಿಲ್ಲವೇ ಅಂದೆ. "ಏಳ್ದೆ. ಅಪ್ಪ ಪೇಪರ್ನಾಗೆ ಬರೋ ಲೆಕ್ಕೆಲ್ಲ ಮಾಡ್ತದೆ, ನಿಂಗೇ ಅರಳು ಮರಳು ಸುಮ್ನಿರವ್ವ ಅಂದ. ಆಸ್ಪತ್ರೆಗೆ ಬನ್ನಿ ಅಂದ್ರೆ ಇವ್ರು ನಂಗೇನಾಗದೆ ಅಂತ ಗದರ್ತಾರೆ. ಅದ್ಕೇ ನಂಗೇ ಮರೆವು ಅಂತ ಸುರು ಅಚ್ಕಂಡೆ. ಬೇಕಂತ್ಲೇ ಸಾರಿಗೆ ಎಲ್ಡ್ ಸತಿ ಉಪ್ಪಾಕ್ದೆ. ಬೀಗದಕೈ ಇಟ್ಟಿನ ಡಬ್ಬೀಲಿ ಮಡಗಿ ಮನೆಯೆಲ್ಲ ಉಡುಕ್ದೆ. ಆವಾಗ ನೋಡಿ, ಕರ್ಕಂಡ್ ಬಂದ್ರು."

ಕಾಯಿಲೆಯವರು ತಮಗಿಲ್ಲ, ಇನ್ನೊಬ್ಬರಿಗಿದೆ ಅನ್ನುವುದೂ ಪುಸ್ತಕದಲ್ಲಿರುವ ಮಾತೇ. ಮೇಜಿನ ಮೇಲೆ ಎರಡು ಹಾಳೆ. ಒಂದರಲ್ಲಿ ಗಂಡ ಗಟ್ಟಿಗ, ಇನ್ನೊಂದರಲ್ಲಿ ಹೆಂಡತಿ ಕಾಯಿಲೆಯವಳು. ನಂಬುವುದು ಯಾರನ್ನು?

ವಾಪಸು ಬರುವಾಗ ವ್ಯಾನಿನಲ್ಲಿ ತಮ್ಮಯ್ಯಣ್ಣನ ಹತ್ತಿರ, ಆಯಮ್ಮನಿಗೆ ಚಂದ್ರ ಅನ್ನೋ ಪದಾನೇ ಬರಲಿಲ್ಲ ಅಂತ ಹೇಳಿದೆ. ಅವನು ಸ್ಟಿಯರಿಂಗ್ ಮೇಲೆ ಕೈ ಬಡಿದು ನಕ್ಕ. "ಮೇಷ್ಟ್ರ ಎಸ್ರೇನು ಮೇಡಮ್ಮೋರೆ?"

"ಚಂದ್ರೇಗೌಡ."

"ಇನ್ನೆಂಗಂತಾರೆ? ಗಂಡನ ಎಸ್ರು ಬಾಯಲ್ ಬಂದ್ರೆ ಆಯಸ್ಸು ಕಮ್ಮಿ ಆಯ್ತದಲ್ವ. ನಮ್ಮಪ್ಪ ಕಾಳೇಗೌಡ. ನಮ್ಮವ್ವ ಸಾಯಗಂಟ ಅವರೆಕಾಳು ಅನ್ಲಿಲ್ಲ ಕಣಿ, ಅವರೆಬೀಜ, ಅವರೆಬೀಜ."

ಮನೆಗೆ ಬಂದು ಮತ್ತೆ ಕೂಡಿದೆ. ಚಂದ್ರನಿಗೂ ಗಂಡನ ಹೆಸರಿಗೂ ಅಂಕ ಕೊಟ್ಟರೆ ಸಾಕಮ್ಮ ಗೆರೆಗಿಂತ ಮೇಲಿದ್ದರು. ಗೆದ್ದೆ ಅನ್ನಿಸಿತು. ಪ್ರೊಫೆಸರಿಗೆ ಫೋನು ಮಾಡಿ ಒಂದೇ ಉಸಿರಿಗೆ ಹೇಳಿದೆ. ಇನ್ನೊಂದು ಸಲ ಹೇಳಿಸಿ ಕೇಳಿಕೊಂಡರು. ಆಮೇಲೆ, "ಇದು ನ್ಯಾಯವಾದ ಮಾತಮ್ಮ. ಗೊತ್ತಿದ್ದೂ ಹೇಳದೆ ಇರೋದು ಮರೆವಲ್ಲ. ಆಯಮ್ಮನ್ನ ಇನ್ನೊಂದ್ಸಲ ಕಂಡು ಖಾತ್ರಿ ಮಾಡ್ಕೊಂಡು ಅಂಕ ಕೊಟ್ಟುಬಿಡಿ," ಅಂದರು. ಅಷ್ಟು ತಿಂಗಳ ಜಗಳದಲ್ಲಿ ಅವರು ಒಪ್ಪಿದ ಮೊದಲ ಮಾತು ಅದು.

"ಮತ್ತೆ ಆ ಮೇಷ್ಟ್ರು, ಸಾರ್?"

"ಅವರನ್ನ ಏನಂತ ಕಳಿಸ್ತೀರಿ? ಪೂರ್ತಿ ಅಂಕ ತಗೊಂಡವರನ್ನ ಹೆಂಡತಿ ಮಾತಿನ ಮೇಲೆ ಡಾಕ್ಟರ ಹತ್ತಿರ ತಳ್ಳೋಕಾಗುತ್ತಾ? ಅವರಾಗೇ ಬರಬೇಕು."

ಮತ್ತೆ ಹೋಗುವ ಹೊತ್ತಿಗೆ ಒಂದು ಮಳೆ ಬಿದ್ದು ಬಿತ್ತನೆಯ ಗಡಿಬಿಡಿ ಶುರುವಾಗಿತ್ತು. ಮೇಷ್ಟ್ರ ಮನೆಯ ಜಗುಲಿಯ ಮೇಲೆ ಗೆಡ್ಡೆಯ ರಾಶಿ, ಅದರ ಸುತ್ತ ಕುಡುಗೋಲು ಹಿಡಿದ ನಾಲ್ಕೈದು ಹೆಂಗಸರು. ನಮ್ಮ ಕಡೆ ಆಲೂಗಡ್ಡೆಯನ್ನು ಇಡಿಯಾಗಿ ಬಿತ್ತುವುದಿಲ್ಲ. ಪ್ರತಿ ಹೋಳಿನಲ್ಲೂ ಎರಡು ಕಣ್ಣಾದರೂ ಉಳಿಯುವ ಹಾಗೆ ಸೀಳಿ, ಔಷಧಿ ನೀರಿನಲ್ಲಿ ಅದ್ದಿ ಹರಡುತ್ತಾರೆ. ಕಣ್ಣಿದ್ದರೆ ಮೊಳಕೆ, ಕಣ್ಣು ಹೋದರೆ ಅದು ಬರೀ ತರಕಾರಿ. ಮೇಷ್ಟ್ರೂ ಒಂದು ಮಣೆ ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿ ನಮಸ್ಕಾರ ಹೇಳಿ, "ಕೂತ್ಕೊಳ್ಳಿ, ಇವಳ ವಿಷಯ ಏನಾಯ್ತು?" ಅಂದರು. ಹೇಳುತ್ತೇನೆ ಅಂತ ಪಕ್ಕದಲ್ಲೇ ಕೂತೆ.

ಮಾತಾಡುತ್ತ ಅವರು ಸೀಳುತ್ತಿದ್ದರು. ಕೈ ಚುರುಕಾಗಿತ್ತು. ಹಳೇ ವಿದ್ಯಾರ್ಥಿಗಳ ಕಥೆ, ಯಾರೋ ಇನ್‌ಸ್ಪೆಕ್ಟರ್ ಬಂದಾಗ ಬೋರ್ಡಿನ ಮೇಲೆ ಲೆಕ್ಕ ತಪ್ಪಿದ ಕಥೆ, ಒಂದಾದ ಮೇಲೊಂದು. ಕಥೆಯ ಮಧ್ಯೆ ನೋಡಿದರೆ ಅವರ ಮುಂದಿದ್ದ ಗೆಡ್ಡೆಯ ಸಿಪ್ಪೆ ಹೋಗುತ್ತಿತ್ತು. ನೀಟಾಗಿ ಹೆರೆದು, ಕಣ್ಣುಗಳನ್ನೆಲ್ಲ ತುದಿಯಿಂದ ಚುಚ್ಚಿ ತೆಗೆದು, ಪಲ್ಯಕ್ಕೆ ಹೆಚ್ಚಿದ ಹಾಗೆ ಸಣ್ಣಗೆ ಹೆಚ್ಚಿ ಬುಟ್ಟಿಗೆ ಹಾಕುತ್ತಿದ್ದರು. ಒಂದಲ್ಲ, ಬುಟ್ಟಿಯ ಅರ್ಧದಷ್ಟು ಹಾಗೇ ಆಗಿತ್ತು. ಆಲೂಗಡ್ಡೆ ಸೀಮೆಯಲ್ಲಿ ಹುಟ್ಟಿ ಅದನ್ನೇ ಬೆಳೆದ ಮನುಷ್ಯ.

ಎದುರಿಗಿದ್ದ ಕೂಲಿಯ ಹೆಂಗಸು ನೋಡಿ, ಪಕ್ಕದವಳ ಮೊಣಕೈ ತಿವಿದು ಕಿಸಕ್ಕೆಂದಳು. ಸಾಕಮ್ಮ ಒಳಗಿಂದ ಬಂದದ್ದೇ ನನಗೆ ಕಾಣಲಿಲ್ಲ.

"ಏನೇ ಅದು ನಗಾಡ್ತೀಯೆ? ಅವು ಪಲ್ಯಕ್ಕೆ. ನಾನೇ ಎಚ್ಕೊಡಿ ಅಂದಿದ್ದು. ನಿನ್ ಕೆಲ್ಸ ನೋಡ್ಕಾ!" ಅಂತ ಗದರಿ, ಗಂಡನ ಮುಂದಿನ ಬುಟ್ಟಿ ಎತ್ತಿಕೊಂಡು, ಖಾಲಿ ಬುಟ್ಟಿ ಇಟ್ಟು, ಒಂದು ಸೀಳಿದ ಹೋಳನ್ನು ನಮೂನೆಗೆ ಅಂತ ಅದರಲ್ಲಿ ಹಾಕಿದರು. ಮೇಷ್ಟ್ರು ಆ ಹೋಳನ್ನು ನೋಡಿದರು, ಮುಂದಿನ ಗೆಡ್ಡೆಯನ್ನು ಹಾಗೇ ಸೀಳಿದರು, ಕಥೆಯನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಿದರು. ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ.

ಬುಟ್ಟಿಯ ಹಿಂದೆಯೇ ನಾನೂ ಅಡಿಗೆಮನೆಗೆ ಹೋದೆ. ಕೋಪ ಬಂದಿತ್ತು ನನಗೆ. "ಅವರನ್ನ ನೋಡಿ ಅಂತ ನನಗೆ ಹೇಳ್ತೀರಿ. ನೀವು ಹೀಗೆ ಮುಚ್ಚಿದ್ರೆ ಯಾರಿಗಮ್ಮ ಕಾಣುತ್ತೆ? ಮಗನಿಗೂ ಕಾಣದ ಹಾಗೆ ಮಾಡಿರೋದು ನೀವೇ."

"ನಾಕ್ ಜನದ್ ಮುಂದೆ ಅವ್ರ್ ಮಾನ ಕಳೀಲಾ?" ಅಂದರು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ಗಟ್ಟಿಯಾಗೇ ಇತ್ತು. "ಡಾಕ್ಟ್ರಿಗೆ ಕಾಣ್ಲಿ. ಕೂಲಿಯೋರ್ಗ್ಯಾಕೆ ಕಾಣ್ಬೇಕು?"

ನಾನು ಬಂದ ವಿಷಯ ಹೇಳಿದೆ. ಚಂದ್ರನ ಮಾತು, ಗಂಡನ ಹೆಸರಿನ ಮಾತು ಪ್ರೊಫೆಸರ್ ಒಪ್ಪಿದ್ದಾರೆ, ನಿಮಗೇನೂ ಕಾಯಿಲೆಯಿಲ್ಲ ಅಂತ ಬರೆಯುತ್ತೇನೆ, ನಿಮ್ಮನ್ನು ಇನ್ನು ಯಾರೂ ಅರಳು ಮರಳು ಅನ್ನುವ ಹಾಗಿಲ್ಲ ಅಂದೆ. ಖುಷಿಪಡುತ್ತಾರೆ ಅಂದುಕೊಂಡರೆ ಮುಖವೇ ಬಾಡಿಹೋಯಿತು.

"ಅಂಗಾರೆ ನನ್ನ ಆಸನಕ್ಕೆ ಕಳ್ಸಾಕಿಲ್ವಾ?"

"ಯಾಕೆ ಕಳಿಸಬೇಕು? ಪಾಸಾಗಿದ್ದೀರಲ್ಲ."

"ಅಯ್ಯೋ ನನ್ನವ್ವ, ಬ್ಯಾಡ. ನನ್ನ ಪೇಲ್ ಮಾಡ್ಬುಡಿ. ನಾನು ಒಂಟ್ರೆ ಅವ್ರು ನನ್ ಜೊತೆಗ್ ಬತ್ತಾರೆ. ನಂಗೆ ಅಂದ್ರೆ ಬತ್ತಾರೆ. ಅವ್ರಿಗೆ ಅಂದ್ರೆ ಬರಾಕಿಲ್ಲ."

ಎಲ್ಲರಿಗೂ ಒಂದೊಂದು ಅಂಕ ಕೊಡಿಸಲು ತಿಂಗಳುಗಟ್ಟಲೆ ಬಡಿದಾಡಿದ್ದೆ. ಸಿಕ್ಕಿದ ಒಂದೇ ಒಂದು ಗೆಲುವನ್ನು ಈ ಹೆಂಗಸು ಬೇಡ ಅನ್ನುತ್ತಿದ್ದರು. ಒಲೆಯ ಪಕ್ಕ ನಿಂತು ಯೋಚನೆ ಮಾಡಿದೆ. ಯೋಚನೆ ಮಾಡುವಂಥದ್ದೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ. ಜಗುಲಿಗೆ ಬಂದು ಮೇಷ್ಟ್ರಿಗೆ ಹೇಳಿದೆ, "ಸಾರ್, ಅಮ್ಮನ ಅಂಕ ಕಮ್ಮಿ ಬಂದಿದೆ. ಹಾಸನಕ್ಕೆ ಕರ್ಕೊಂಡು ಬರಬೇಕು. ಜೊತೇಲಿ ನೀವೇ ಇರಬೇಕು, ಡಾಕ್ಟರು ಗಂಡನ್ನ ಮಾತಾಡಿಸ್ತಾರೆ."

"ನಾನಿಲ್ಲದೆ ಇವಳನ್ನ ಯಾರು ನೋಡ್ತಾರೆ," ಅಂದರು ಮೇಷ್ಟ್ರು. "ಪಾಪ, ನನಗೆ ಮೊದಲೇ ಗೊತ್ತಿತ್ತು." ಹೆಂಡತಿಯ ಕಡೆ ಅವರು ನೋಡಿದ ನೋಟದಲ್ಲಿ ಎಷ್ಟು ಕನಿಕರವಿತ್ತೆಂದರೆ ನನಗೆ ತಡೆಯಲಾಗದೆ ವ್ಯಾನಿನ ಕಡೆ ನಡೆದೆ.

ಸಂಜೆ ಪ್ರೊಫೆಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸೊನ್ನೆ ಸೊನ್ನೆಯಾಗೇ ಇರಲಿ ಸಾರ್ ಅಂದೆ. "ಪುಸ್ತಕದಲ್ಲಿದ್ದ ಹಾಗೆ ಅಂಕ ಕೊಡಿ ಅಂತ ನೀವೇ ಅಲ್ವಾ ಹೇಳಿದ್ದು?" ಅವರು ನಕ್ಕರೋ ನಿಟ್ಟುಸಿರು ಬಿಟ್ಟರೋ ಫೋನಿನಲ್ಲಿ ತಿಳಿಯಲಿಲ್ಲ. "ಷರಾ ಬರೀರಿ," ಅಂದರು. ಬರೆದೆ. ಡಾಕ್ಟರಿಗೂ ಮೊದಲೇ ಎಲ್ಲ ಹೇಳಿಟ್ಟೆ.

ಆಸ್ಪತ್ರೆಗೆ ಇಬ್ಬರೂ ಬೆಳಗಿನ ಬಸ್ಸಿಗೇ ಬಂದರು. ನಾನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು, ದಾರಿಯ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ ಕರೆದೊಯ್ದೆ. ಡಾಕ್ಟರು ನಿಧಾನಸ್ಥ ಮನುಷ್ಯ. ಸಾಕಮ್ಮನವರನ್ನು ಒಂದು ಕುರ್ಚಿಯಲ್ಲಿ, ಮೇಷ್ಟ್ರನ್ನು ಇನ್ನೊಂದರಲ್ಲಿ ಕೂರಿಸಿ, ಕಾಗದ ಪೆನ್ನು ಮುಟ್ಟದೆ ಮಾತಿಗೆ ತೆಗೆದರು. ಮಳೆ ಬಂತೇ, ಬಿತ್ತನೆ ಆಯಿತೇ ಅಂತ. ಆಮೇಲೆ, "ಮೇಷ್ಟ್ರೇ, ಬೆಳಿಗ್ಗೆ ತಿಂಡಿ ಏನು ಆಯ್ತು?" ಅಂದರು.

ಮೇಷ್ಟ್ರು ಬಾಯಿ ತೆರೆದರು. ತಕ್ಷಣ ಹೆಂಡತಿಯ ಕಡೆ ತಿರುಗಿದರು. ಆ ತಿರುಗುವಿಕೆ ಎಷ್ಟು ಅಭ್ಯಾಸವಾಗಿತ್ತು ಅಂದರೆ ಅದು ಅವರಿಗೇ ಗೊತ್ತಾಗುತ್ತಿರಲಿಲ್ಲ. ದಿನಕ್ಕೆ ಎಷ್ಟು ಸಲ ಹಾಗೆ ತಿರುಗುತ್ತಿದ್ದರೋ, ಅಷ್ಟೂ ಸಲ ಹೆಂಡತಿ ಸಣ್ಣ ದನಿಯಲ್ಲಿ ಹೇಳಿಕೊಟ್ಟಿರಬೇಕು. ಸಾಕಮ್ಮನ ತುಟಿ ಅಲುಗಿತು. ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು, ತಲೆ ತಗ್ಗಿಸಿ, ನೆಲ ನೋಡುತ್ತ ಕೂತುಬಿಟ್ಟರು. ಮೇಷ್ಟ್ರು ಕಾದರು. ಉತ್ತರ ಬರಲಿಲ್ಲ. ಅವರ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಭಯ.

"ತಿಂಡಿ ಇನ್ನೂ ಆಗಿಲ್ಲ," ಅಂದರು ಕೊನೆಗೆ. "ಇವಳು ಕೊಡಲೇ ಇಲ್ಲ."

ಅಂಗಿಯ ತುದಿಯಲ್ಲಿ ಇಡ್ಲಿಯ ಚಟ್ನಿಯ ಕಲೆ ಇನ್ನೂ ಹಸಿಯಾಗಿತ್ತು. ಸಾಕಮ್ಮ ಸದ್ದಿಲ್ಲದೆ ಅಳುತ್ತಿದ್ದರು. ನನಗೂ ಅಳು ಬಂತು, ಮುಚ್ಚಿಡುವುದೇನು. ಡಾಕ್ಟರು ಇನ್ನೂ ಹಲವು ಪ್ರಶ್ನೆ ಕೇಳಿದರು, ಸ್ಕ್ಯಾನು ಮಾಡಿಸಿದರು, ಮಗನನ್ನು ಕರೆಸಿ ಮಾತಾಡಿದರು. ಶಾಲೆಯಲ್ಲಿ ಕಲಿತದ್ದು ಗಟ್ಟಿಯಾಗಿ ಉಳಿದವರಲ್ಲಿ ಈ ಕಾಯಿಲೆ ಅದರ ಹಿಂದೆಯೇ ಅಡಗಿ ಕೂತಿರುತ್ತದೆ, ಪರೀಕ್ಷೆಯ ಕಣ್ಣಿಗೆ ತಡವಾಗಿ ಬೀಳುತ್ತದೆ ಅಂದರು. ವಾಸಿ ಮಾಡುವ ಮಾತ್ರೆ ಇಲ್ಲ, ನಿಧಾನ ಮಾಡಬಹುದೇನೋ ಅಂದರು. ಟಿ.ವಿ.ಎಸ್. ಬೀಗದಕೈ ಅವತ್ತೇ ಮಗನ ಜೇಬಿಗೆ ಹೋಯಿತು. ಸಾಕಮ್ಮನವರಿಗೆ ಬೇಕಾಗಿದ್ದದ್ದು ಅದು. ಮೇಷ್ಟ್ರು ವಾಪಸು ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಇವಳಿಗೆ ಕಾಯಿಲೆ ಜಾಸ್ತಿ ಏನಿಲ್ಲ ತಾನೇ?" ಅಂತ ಕೇಳಿದರು. ಇಲ್ಲ ಸಾರ್ ಅಂದೆ.

ಆ ವರ್ಷ ಮುಗಿದು ಗುತ್ತಿಗೆಯೂ ಮುಗಿಯಿತು. ಚಿತ್ರದ ಕಾರ್ಡುಗಳಲ್ಲಿ ಚಂದ್ರನನ್ನು ತೆಗೆದು ಕೊಡೆ ಹಾಕಿದರು, ಗಂಡನ ಹೆಸರಿನ ಪ್ರಶ್ನೆಯನ್ನು ಬಿಟ್ಟರು. ಗೆರೆ ಸ್ವಲ್ಪ ಕೆಳಗಿಳಿಯಿತು ಅಂತ ಆಮೇಲೆ ಕೇಳಿದೆ. ನಾನೀಗ ಹಾಸನದಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ಈ ಸಲ ಆಟೋ ಇಳಿದು ಹೋದಾಗ ಜಗುಲಿಯ ಮೇಲೆ ಗೆಡ್ಡೆಯ ರಾಶಿ ಹಾಗೇ ಇತ್ತು, ಮಗ, ಸೊಸೆ, ಕೂಲಿಯವರು ಸೀಳುತ್ತಿದ್ದರು. ಸಾಕಮ್ಮ ಇನ್ನಷ್ಟು ಸಣ್ಣಗಾಗಿದ್ದಾರೆ. ನನ್ನನ್ನು ಗುರುತು ಹಿಡಿದು, "ಬುದ್ಧಿ ಅಳ್ಯೋ ಅವ್ವ ಬಂತು ಕಣ್ಲಾ," ಅಂತ ಮಗನಿಗೆ ಕೂ ಹಾಕಿ, ಕೂರಿಸಿ ಕಾಫಿ ಕೊಟ್ಟರು. ಮೇಷ್ಟ್ರು ಕೊಟ್ಟಿಗೆಯ ಕಡೆ ನಿಂತಿದ್ದರು. ಬಿಳಿ ಅಂಗಿ ಹಾಗೇ ಇದೆ, ಜೇಬಿನಲ್ಲಿ ಪೆನ್ನು ಇಲ್ಲ. ಮಾತಾಡುತ್ತ ಕೂತಿರುವಾಗ ಅವರು ಮೆಲ್ಲಗೆ ಗೇಟು ತೆರೆದು ರಸ್ತೆಯ ಕಡೆ ಹೊರಟರು.

ಸಾಕಮ್ಮ ಲೋಟ ಕೆಳಗಿಟ್ಟು ಎದ್ದು ನಿಂತರು. ಕೂಲಿಯವರು, ಸೊಸೆ, ಎಲ್ಲರ ಮುಂದೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

"ಚಂದ್ರೇಗೌಡ್ರೇ! ಚಂದ್ರೇಗೌಡ್ರೇ! ಇತ್ಲಾಗ್ ಬನ್ನಿ!"

ಮೇಷ್ಟ್ರು ನಿಂತರು. ತಿರುಗಿದರು. ತರಗತಿಯಲ್ಲಿ ಹೆಸರು ಕೂಗಿಸಿಕೊಂಡ ಹುಡುಗನ ಹಾಗೆ ನೆಟ್ಟಗೆ ನಿಂತು, "ಬಂದೆ," ಅಂದು ವಾಪಸು ಬಂದರು. ಸಾಕಮ್ಮ ಅವರ ಕೈ ಹಿಡಿದು ಮಣೆಯ ಮೇಲೆ ಕೂರಿಸಿದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅವರಿಗೆ ಅರ್ಥವಾಯಿತು.

"ಏನೂಂದ್ರೆ ಅಂದ್ರೆ ತಿರುಗಾಕಿಲ್ಲ ಕಣವ್ವ ಈಗ. ಎಸ್ರಿಡಿದು ಕೂಗಿದ್ರೇನೇ ತಿರುಗಾದು. ಒಂದೊಂದಿನ ಅದೂ ಯಾರ್ದು ಅಂತ ನನ್ನೇ ಕೇಳ್ತಾರೆ."

"ಹೆಸರು ಹೇಳಿದ್ರೆ ಆಯಸ್ಸು ಕಮ್ಮಿ ಆಗುತ್ತೆ ಅಂತಾರಲ್ಲಮ್ಮ," ಅಂದೆ, ಏನಾದರೂ ಅನ್ನಬೇಕಲ್ಲ ಅಂತ.

ಸಾಕಮ್ಮ ಗಂಡನ ಅಂಗಿಯ ಮೇಲಿನ ಗುಂಡಿ ಹಾಕುತ್ತಿದ್ದರು.

"ಅವ್ರಿಗೇ ಮರ್ತೋಗದೆ," ಅಂದರು. "ಮನೇಲಿ ಒಬ್ರಿಗಾದ್ರೂ ಬಾಯಲ್ಲಿರ್ಬೇಕಲ್ಲವ್ವ, ಎಸ್ರು."